ಅಸ್ತಮಾನದ ಅಡವಿಯೂ ಅನಸ್ತಮಿತ ವ್ರತವೂ



ಚಾತುರ್ಮಾಸ್ಯವು ಸಮೀಪಿಸಿದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೇಳುವವರು ಸಾಮಾನ್ಯವಾಗಿ ಓದುವ ಮಕ್ಕಳು. “ಹಿಂದಿನವರಿಗೆ ಎಣ್ಣೆಯ ಹಣತೆ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ತಟ್ಟೆಗೆ ಏನು ಬಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ಈಗ ಹಗಲನ್ನೂ ನಾಚಿಸುವ ವಿದ್ಯುದ್ದೀಪಗಳಿವೆ. ಇನ್ನೂ ಸೂರ್ಯ ಮುಳುಗುವ ಮೊದಲೇ ಉಣ್ಣಬೇಕೆಂಬ ಕಟ್ಟುಪಾಡು ಏತಕ್ಕೆ?” ಇದು ಗದರಿಸಿ ಸುಮ್ಮನಾಗಿಸತಕ್ಕ ಪ್ರಶ್ನೆಯಲ್ಲ. ಮನೆಯಲ್ಲಿ ಬಾಯಿ ಮುಚ್ಚಿಸಿಕೊಂಡ ಪ್ರಶ್ನೆಯು ಮುಂದೊಂದು ದಿನ ಪಟ್ಟಣದ ಹೋಟೆಲಿನಲ್ಲಿ ಕುಳಿತು ತನಗೆ ತಾನೇ ಉತ್ತರ ಹೇಳಿಕೊಳ್ಳುತ್ತದೆ.

ನಾನು ಅನಸ್ತಮಿತ ವ್ರತವನ್ನು ಸ್ವೀಕರಿಸಿ ಮೂವತ್ತು ವರ್ಷಗಳಾದವು. ಆದರೂ ನನ್ನ ಮೊಮ್ಮಗನು ಈ ಪ್ರಶ್ನೆಯನ್ನು ಕೇಳಿದಾಗ, “ಶಾಸ್ತ್ರದಲ್ಲಿ ಹೇಳಿದೆಯಪ್ಪಾ” ಎಂಬುದಕ್ಕಿಂತ ಹೆಚ್ಚಿನ ಮಾತು ನನ್ನಿಂದ ಹೊರಡಲಿಲ್ಲ. ನಾನು ಗಡಿಯಾರವನ್ನು ನೋಡಿ ಉಣ್ಣುತ್ತಿದ್ದೆನೇ ಹೊರತು, ಗಡಿಯಾರದ ಆಚೆಗೆ ಏನಿದೆಯೆಂದು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಆ ಉತ್ತರವು ನನಗೆ ದೊರೆತದ್ದು ಕುಂದಾದ್ರಿಯ ಕೆಳಗಿನ ಅಡವಿಯಲ್ಲಿ, ಒಂದು ಸಂಜೆ. ಆ ಸಂಜೆಯ ಸದ್ದುಗಳನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಕುಂದಾದ್ರಿಯ ಹೆಸರನ್ನು ನೀವೆಲ್ಲರೂ ಬಲ್ಲಿರಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಸಮೀಪದಲ್ಲಿ, ಸುಮಾರು 800 ಮೀಟರಿಗೂ ಮಿಗಿಲಾದ ಎತ್ತರದ ಒಂಟಿ ಬೆಟ್ಟವದು. ನೆತ್ತಿಯ ಮೇಲೆ ಪಾರ್ಶ್ವನಾಥಸ್ವಾಮಿಯ ಬಸದಿಯಿದೆ. ಬಂಡೆಯ ನಡುವೆ ಕೊಳವಿದೆ. ಕುಂದಕುಂದಾಚಾರ್ಯರು ಅಲ್ಲಿ ತಪಸ್ಸನ್ನಾಚರಿಸಿದರೆಂಬುದು ನಮ್ಮ ಪರಂಪರೆಯ ನಂಬಿಕೆ. ಬೆಟ್ಟದ ಸುತ್ತಲೂ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣದ ಕಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಮಳೆಕಾಡಿನಲ್ಲಿ ಮರಗಳ ತಲೆಗಳು ಒಂದಕ್ಕೊಂದು ಹೆಣೆದುಕೊಂಡು ಚಪ್ಪರ ಹಾಕಿರುವುದರಿಂದ, ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ.

ಜ್ಯೇಷ್ಠಮಾಸದ ಮೊದಲ ಮಳೆಗಳು ಬಿದ್ದಿದ್ದವು. ನನ್ನ ಮಗಳನ್ನು ಕೊಟ್ಟ ಮನೆ ಆ ಬೆಟ್ಟದ ತಪ್ಪಲಿನಲ್ಲಿದೆ. ಬೆಳಿಗ್ಗೆ ಬೆಟ್ಟವೇರಿ ಸ್ವಾಮಿಯ ದರ್ಶನ ಮಾಡಿ ಇಳಿದು ಬಂದಿದ್ದೆವು. ಸಾಯಂಕಾಲ ಆರು ಗಂಟೆಗೆ ಮೊದಲೇ ಮಗಳು ನನಗೆ ಬಡಿಸಿದಳು. ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಚತುರ್ವಿಧ ಆಹಾರದ ತ್ಯಾಗವನ್ನು ಸಂಕಲ್ಪಿಸಿಕೊಂಡು, ಹಿತ್ತಿಲ ಆಚೆಗಿನ ಹಳ್ಳದ ಬಳಿ ಒಂದು ಬಂಡೆಯ ಮೇಲೆ ಸಾಮಾಯಿಕಕ್ಕೆಂದು ಹೋದೆ. ಮೊಮ್ಮಗನೂ ಜೊತೆಗೆ ಬಂದ. ಆಕಾಶದಲ್ಲಿ ಇನ್ನೂ ಬೆಳಕಿತ್ತು. ಕಾಡಿನ ನೆಲದಲ್ಲಿ ಆಗಲೇ ಮಬ್ಬು ಕವಿದಿತ್ತು. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ, ಎಂದರೆ 48 ನಿಮಿಷ ಮೊದಲೇ, ಊಟ ಮುಗಿಯಬೇಕೆಂದು ಹಿರಿಯರು ಏಕೆ ಹೇಳಿದರೆಂಬುದಕ್ಕೆ ಆ ನೆಲದ ಮಬ್ಬೇ ಮೊದಲ ಸಾಕ್ಷಿಯಂತೆ ನನಗೆ ತೋರಿತು. ಸೂರ್ಯನಿದ್ದರೂ ಕಣ್ಣು ಸಾಲದಾಗುವ ಹೊತ್ತು ಅದು.

ಮೊದಲು ಹಗಲಿನವರು ಬೀಳ್ಕೊಂಡರು. ಮಂಗಟ್ಟೆ ಹಕ್ಕಿಗಳು ಗಹಗಹಿಸಿ ನಕ್ಕಂತೆ ಕೂಗುತ್ತ ಮರದಿಂದ ಮರಕ್ಕೆ ಸಾಗಿ ಸುಮ್ಮನಾದವು. ಮಧ್ಯಾಹ್ನದಿಂದ ಬಿಡದೆ ಕುಟುಕುಟು ಎನ್ನುತ್ತಿದ್ದ ಕುಟ್ರುಹಕ್ಕಿಯ ದನಿ ತಡೆತಡೆದು ನಿಂತಿತು. ಎತ್ತರದ ಕೊಂಬೆಯಲ್ಲಿ ಕೆಂದಳಿಲು ಒಮ್ಮೆ ಕಟಕಟನೆ ಗದರಿ ತನ್ನ ಗೂಡನ್ನು ಸೇರಿತು. ಹಳ್ಳದ ಬದಿಯಲ್ಲಿ, ದಾರಿಯಲ್ಲಿ ಹೋಗುವ ಹುಡುಗನೊಬ್ಬನು ಮನಸ್ಸಿಗೆ ಬಂದ ಹಾಗೆ ಸಿಳ್ಳೆ ಹಾಕಿದಂತೆ, ನೀಲಿಗಪ್ಪು ಬಣ್ಣದ ಸಿಳ್ಳಾರಹಕ್ಕಿ ಸ್ವಲ್ಪ ಹೊತ್ತು ಹಾಡಿ ನಿಲ್ಲಿಸಿತು.

ಅನಂತರ ಜೀರುಂಡೆಗಳು. ಒಂದು ಮರದಲ್ಲಿ ಒಂದು ಆರಂಭಿಸಿತು. ಅರೆಕ್ಷಣದಲ್ಲಿ ಗುಡ್ಡವೆಲ್ಲ ಒಂದೇ ದನಿಯಾಗಿ ಕಿವಿ ಗುಯ್ಗುಡುವಂತೆ ಮೊರೆಯಿತು. ಗಂಡು ಜೀರುಂಡೆಯ ಹೊಟ್ಟೆಯ ಎರಡು ಪಕ್ಕಗಳಲ್ಲಿ ತೆಳುವಾದ ಪೊರೆಗಳಿವೆ. ಸ್ನಾಯುಗಳು ಅವನ್ನು ಒಳಕ್ಕೆಳೆದು ಬಿಡುವ ವೇಗದಿಂದ ಆ ಶಬ್ದ ಹುಟ್ಟಿ, ಟೊಳ್ಳಾದ ಹೊಟ್ಟೆಯಲ್ಲಿ ಮೊಳಗಿ ಹೊರಬರುತ್ತದೆ. ಆ ಜೀವವು ಮರಿಯಾಗಿ ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸವನ್ನು ಹೀರಿ ಬದುಕಿ, ಮೇಲೆ ಬಂದು ಕೆಲವೇ ವಾರಗಳ ಕಾಲ ಹಾಡಿ ಆಯುಷ್ಯವನ್ನು ಮುಗಿಸುತ್ತದೆ. ನಾವು ನಡೆಯುವ ನೆಲದ ಕೆಳಗೆ ಇಂಥ ಎಷ್ಟು ಜೀವಗಳು ತಮ್ಮ ಕಾಲಕ್ಕಾಗಿ ಕಾದಿವೆಯೋ!

ಸೂರ್ಯ ಮುಳುಗಿದ ಬಳಿಕ ನಮ್ಮ ನಾಡಿನಲ್ಲಿ ಸಂಧ್ಯೆಯು ದೀರ್ಘವಲ್ಲ. ಒಂದು ಗಳಿಗೆಯಲ್ಲಿ ಬೆಳಕು ಕರಗಿಹೋಗುತ್ತದೆ. ಅಷ್ಟರಲ್ಲಿ ಜೀರುಂಡೆಗಳು ಹಠಾತ್ತನೆ ನಿಂತವು. ಆ ನಿಶ್ಶಬ್ದದ ಅಡಿಯಿಂದ ಬೇರೊಂದು ಸಮುದಾಯದ ದನಿ ಎದ್ದಿತು. ಸಂಸ್ಕೃತದಲ್ಲಿ ಝಿಲ್ಲಿಕಾ ಎನಿಸಿಕೊಂಡ ರಾತ್ರಿಯ ಹುಳುಗಳು ರೆಕ್ಕೆಗೆ ರೆಕ್ಕೆಯನ್ನು ಉಜ್ಜಿ ನುಡಿಯತೊಡಗಿದವು. ಎಲೆಗಳ ಮೇಲೆ ಉಗುರಿನಷ್ಟೇ ಗಾತ್ರದ ಮರಗಪ್ಪೆಗಳು ಟಿಕ್ ಟಿಕ್ ಎಂದವು. ಈ ಜಾತಿಯ ಕಪ್ಪೆಗಳಿಗೆ ಮೊಟ್ಟೆಯಿಡಲು ಕೊಳ ಬೇಕಿಲ್ಲ. ತೇವವಾದ ಎಲೆಯ ಮೇಲೆ ಇಟ್ಟ ಮೊಟ್ಟೆಯೊಳಗೇ ಮರಿಯು ಪೂರ್ಣವಾಗಿ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತದೆ. ಹಳ್ಳದಲ್ಲಿ ಗಂಟಲಚೀಲವನ್ನು ಉಬ್ಬಿಸಿಕೊಂಡು ದೊಡ್ಡ ಕಪ್ಪೆಗಳು ವಟಗುಟ್ಟಿದವು. ನತ್ತಿಂಗವು ದೂರದಿಂದ ಒಂದೇ ಅಳತೆಯಲ್ಲಿ ಮರ ಕುಟ್ಟಿದಂತೆ ಕೂಗಿತು. ಹಗಲೆಲ್ಲ ಒಣಗಿದ ಎಲೆಯಂತೆ ಕೊಂಬೆಗೆ ಅಂಟಿ ಕುಳಿತಿರುವ ಕಪ್ಪೆಬಾಯಿ ಹಕ್ಕಿಯ ಕರ್ಕಶವಾದ ದನಿಯೊಂದು ಇಳಿಯುತ್ತ ಇಳಿಯುತ್ತ ಬಂತು. ತಲೆಯ ಮೇಲೆ ಬಾವಲಿಗಳು ಹಾರುತ್ತಿದ್ದವು. ಹುಳು ಹಿಡಿಯುವ ಬಾವಲಿಗಳೂ ಕೂಗುತ್ತಲೇ ಹಾರುತ್ತವೆ. ಆ ಕೂಗು ಮನುಷ್ಯನ ಕಿವಿಯ ಅಳವನ್ನು ಮೀರಿದ್ದು. ಎಂದಮೇಲೆ, ಕಿವಿಗೆ ಕೇಳಿದ್ದಷ್ಟೇ ಅಡವಿಯೆಂದು ಹೇಳುವುದೂ ಅಹಂಕಾರವೇ.

ಒಂದು ಮರವೂ ಈಗ ಕಾಣುತ್ತಿರಲಿಲ್ಲ. ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಹಗಲಿನಲ್ಲಿ ಅದೇ ಬಂಡೆಯ ಮೇಲೆ ಕುಳಿತು, “ಇಲ್ಲಿ ಯಾರೂ ಇಲ್ಲ, ಧ್ಯಾನಕ್ಕೆ ಪ್ರಶಸ್ತವಾದ ಏಕಾಂತ” ಎಂದುಕೊಂಡಿದ್ದೆ. ಯಾರೂ ಇಲ್ಲವೆಂದುಕೊಂಡ ಜಾಗದಲ್ಲಿ ಸಾವಿರ ಕಂಠಗಳು “ನಾನಿದ್ದೇನೆ, ನಾನಿದ್ದೇನೆ” ಎನ್ನುತ್ತಿದ್ದವು.

ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳಿದರು. ನಮ್ಮ ಆಚಾರ್ಯರು ಅದನ್ನು ಪುದ್ಗಲದ ಪರ್ಯಾಯವೆಂದು ನಿರೂಪಿಸಿದರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಭಾಷಾರೂಪವಾದ ಶಬ್ದವನ್ನು ಸಾಕ್ಷರ, ಅನಕ್ಷರ ಎಂದು ಎರಡಾಗಿ ವಿಂಗಡಿಸಿ, ದ್ವೀಂದ್ರಿಯ ಮೊದಲಾದ ಜೀವಗಳ ದನಿಯನ್ನು ಅನಕ್ಷರ ಭಾಷೆಯೊಳಗೆ ಸೇರಿಸಿದ್ದಾರೆ. ಈ ಮಾತನ್ನು ಪಾಠದಲ್ಲಿ ಓದಿದ್ದೆ. ಅದರ ಗೌರವ ನನಗೆ ತಿಳಿದಿರಲಿಲ್ಲ. ಹುಳುವಿನ ಸದ್ದನ್ನು ಗದ್ದಲವೆಂದು ಕರೆಯದೆ ಭಾಷೆಯೆಂದು ಕರೆದ ಧರ್ಮ ನಮ್ಮದು. ಅಕ್ಷರವಿಲ್ಲದಿದ್ದರೇನು, ಆಡುವವನು ಜೀವನು. ಅವನಿಗೂ ಸುಖದ ಅಪೇಕ್ಷೆಯಿದೆ, ಅವನಿಗೂ ಮರಣದ ಭಯವಿದೆ. ಅಲ್ಲದೆ ಆ ರಾತ್ರಿ ದನಿಗೈದವರೆಲ್ಲರೂ ತ್ರಸಜೀವಿಗಳು. ಅವರ ಕೆಳಗೆ ಮಣ್ಣಿನಲ್ಲಿ, ಹಳ್ಳದ ನೀರಿನಲ್ಲಿ, ಪ್ರತಿಯೊಂದು ಎಲೆಯಲ್ಲಿ ಮೂಕರಾಗಿರುವ ಏಕೇಂದ್ರಿಯ ಜೀವಿಗಳ ಲೆಕ್ಕವನ್ನು ಕೇವಲಿಗಳು ಮಾತ್ರ ಬಲ್ಲರು.

ಇನ್ನೊಂದು ಸಂಗತಿಯನ್ನು ನನಗೆ ತೋರಿಸಿಕೊಟ್ಟವನು ಮೊಮ್ಮಗ. ಅವನು ಕಾಲು ಜೋಮು ಹಿಡಿಯಿತೆಂದು ಎದ್ದು ಎರಡು ಹೆಜ್ಜೆ ಇಟ್ಟ. ತಕ್ಷಣ ಹಳ್ಳದ ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು. “ಯಾಕಜ್ಜ ನಿಲ್ಲಿಸಿದವು?” ಎಂದ. “ನಿನ್ನ ಹೆಜ್ಜೆಗೆ ಹೆದರಿ” ಎಂದೆ. ಅವನು ಮರಳಿ ಕುಳಿತ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಪ್ಪೆ ಪರೀಕ್ಷಿಸುವಂತೆ ಒಮ್ಮೆ ಕೂಗಿತು. ಮತ್ತೊಂದು ಉತ್ತರ ಕೊಟ್ಟಿತು. ಕೊನೆಗೆ ಎಲ್ಲವೂ ಮೊದಲಿನಂತಾದವು. ಅಭಯದಾನವೆಂಬ ಶಬ್ದವನ್ನು ನಾನು ಎಷ್ಟೋ ಸಭೆಗಳಲ್ಲಿ ವಿವರಿಸಿದ್ದೇನೆ. ಅದರ ಅರ್ಥವನ್ನು ಕಿವಿಯಾರೆ ಕೇಳಿದ್ದು ಅಂದೇ. ನಾವು ಚಲಿಸಿದರೆ ಅವು ಮೌನ. ನಾವು ನಿಶ್ಚಲರಾದರೆ ಅವುಗಳಿಗೆ ನಿರ್ಭಯ. ನಮ್ಮ ಮುನಿಗಳು ನಾಲ್ಕು ಮೊಳದ ನೆಲವನ್ನು ನೋಡಿಕೊಂಡು ಹಗಲಿನಲ್ಲೇ ವಿಹರಿಸುವುದು, ರಾತ್ರಿಯಲ್ಲಿ ಸಂಚರಿಸದಿರುವುದು, ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುವುದು, ಇವೆಲ್ಲವೂ ಲೋಕದ ಜೀವಿಗಳಿಗೆ ಅವರು ಮಾತಿಲ್ಲದೆ ಕೊಡುವ ಅಭಯವಚನಗಳು. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲ. ಆದರೆ ಕತ್ತಲೆಯಾದ ಮೇಲೆ ಒಲೆ, ಒರಳು, ತಟ್ಟೆ, ಬಾಯಿ ಇವುಗಳನ್ನಾದರೂ ನಿಲ್ಲಿಸಬಲ್ಲನು. ಅನಸ್ತಮಿತ ವ್ರತವೆಂದರೆ ಮುನಿಗಳ ಆ ನಿಶ್ಚಲತೆಯಲ್ಲಿ ಗೃಹಸ್ಥನಿಗೆ ದೊರೆತ ಸಣ್ಣದೊಂದು ಪಾಲು.

ಅಡವಿಯನ್ನು ಪುಣ್ಯಾಶ್ರಮದಂತೆ ವರ್ಣಿಸುವುದು ನನ್ನ ಉದ್ದೇಶವಲ್ಲ. ಆ ದನಿಗಳಲ್ಲಿ ಸಂಗಾತಿಯನ್ನು ಕರೆಯುವ ಮೋಹವಿತ್ತು, ಗಡಿ ಕಾಯುವ ಕ್ರೋಧವಿತ್ತು, ಹಸಿವಿತ್ತು. ನತ್ತಿಂಗವು ಹಾರಾಡುವ ಪತಂಗವನ್ನು ನುಂಗಿಯೇ ಬದುಕಬೇಕು. ಹಾವು ಕಪ್ಪೆಯ ದನಿಯಿದ್ದ ಹಳ್ಳದ ಬಳಿಯೇ ಸುಳಿಯಬೇಕು. ಅವುಗಳಿಗೆ ರಾತ್ರಿಯೇ ಆಹಾರದ ವೇಳೆ. ಕರ್ಮೋದಯವು ಅವುಗಳಿಗೆ ಕೊಟ್ಟ ದೇಹ ಅಂಥದು. ತಿರ್ಯಂಚ ಗತಿಯಲ್ಲಿಯೂ ಸಮನಸ್ಕವಾದ ಜೀವವು ಉಪದೇಶ ಪಡೆದು ವ್ರತವನ್ನು ಧರಿಸಿದ ಉದಾಹರಣೆಗಳು ಪುರಾಣಗಳಲ್ಲಿವೆ. ವರ್ಧಮಾನಸ್ವಾಮಿಯ ಜೀವವೇ ಹಿಂದೊಮ್ಮೆ ಸಿಂಹವಾಗಿದ್ದು ಚಾರಣಮುನಿಗಳ ಮಾತನ್ನು ಕೇಳಿ ಹಿಂಸೆಯನ್ನು ಬಿಟ್ಟಿತು. ಸಿಂಹಕ್ಕೆ ಅಷ್ಟು ಕಷ್ಟವಾದದ್ದು ನಮಗೆ ಎಷ್ಟು ಸುಲಭವಾಗಿದೆ, ನೋಡಿ. ನಿಶಾಚರವಾಗಿ ಹುಟ್ಟಿದ್ದು ಗೂಬೆಯ ಕರ್ಮಫಲ. ಮನುಷ್ಯಪರ್ಯಾಯವನ್ನು ಪಡೆದೂ ನಿಶಾಚರರಾಗುವುದು ನಮ್ಮ ಆಯ್ಕೆಯಲ್ಲದೆ ಮತ್ತೇನು?

ಇನ್ನು ದೀಪದ ಮಾತಿಗೆ ಬರೋಣ. ಎಂಟು ಗಂಟೆಗೆ ನಾವು ಮನೆಗೆ ಮರಳಿದೆವು. ಜಗಲಿಯಲ್ಲಿ ಬಿಳಿಯ ದೀಪವೊಂದು ಉರಿಯುತ್ತಿತ್ತು. ಹೊರಗಿನ ಅತಿಥಿಗಳು ಅದರ ಕೆಳಗೆ ಊಟಕ್ಕೆ ಕುಳಿತಿದ್ದರು. ದೀಪದ ಸುತ್ತ ಗೆದ್ದಲಿನ ರೆಕ್ಕೆಹುಳುಗಳು, ಪತಂಗಗಳು, ಹಸಿರು ಮಿಡತೆಗಳು ಮೋಡದಂತೆ ಸುತ್ತುತ್ತಿದ್ದವು. ಒಬ್ಬರು ಎಲೆಯ ಮೇಲೆ ಕೈಯಾಡಿಸುತ್ತ ಉಣ್ಣುತ್ತಿದ್ದರು. ಇನ್ನೊಬ್ಬರು ಸಾರಿನಲ್ಲಿ ಬಿದ್ದುದನ್ನು ಬೆರಳ ತುದಿಯಿಂದ ತೆಗೆದು ಪಕ್ಕಕ್ಕೆ ಒರಸಿದರು. ಬೆಳಗಾಗುವ ಹೊತ್ತಿಗೆ ಮಗಳು ಮೆದುವಾದ ಪೊರಕೆಯಿಂದ ಜಗಲಿಯನ್ನು ಗುಡಿಸುತ್ತಿದ್ದಳು. ದೀಪದ ಕೆಳಗೆ ಬೊಗಸೆ ತುಂಬುವಷ್ಟು ರೆಕ್ಕೆಗಳು ಬಿದ್ದಿದ್ದವು. ನಡುವೆ ಒಂದು ಹಸಿರು ಮಿಡತೆ ಕಾಲು ಮುರಿದು ಬಿದ್ದಿತ್ತು. ಮೊಮ್ಮಗ ಅದನ್ನು ನೋಡುತ್ತ ನಿಂತ. “ಅಜ್ಜ, ನಿನ್ನೆ ನಾವು ಕೇಳಿದ್ದು ಇದರ ದನಿಯನ್ನೇ?” ಎಂದ. ನನಗೆ ಉತ್ತರಿಸಲಾಗಲಿಲ್ಲ. ಹಿಂದಿನ ತಿಂಗಳು ಅವನು ಕೇಳಿದ್ದ ಪ್ರಶ್ನೆಗೆ ಉತ್ತರವು ಅಲ್ಲಿಯೇ ಬಿದ್ದಿತ್ತು.

ಹುಳುವು ದೀಪವನ್ನು ಮೋಹಿಸಿ ಬಂದು ಬೀಳುತ್ತದೆಯೆಂದು ನಾವು ಉಪಮೆ ಕೊಡುತ್ತ ಬಂದಿದ್ದೇವೆ. 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಬೇರೆಯೇ ಕಾರಣವನ್ನು ತೋರಿಸಿದೆ. ಹಾರುವ ಹುಳುಗಳು ಬೆಳಕಿರುವ ಕಡೆಗೆ ಬೆನ್ನು ಮಾಡಿಕೊಂಡು ಹಾರುತ್ತವೆ. ರಾತ್ರಿಯಲ್ಲಿಯೂ ನೆಲಕ್ಕಿಂತ ಆಕಾಶವೇ ಬೆಳಕಾಗಿರುವುದರಿಂದ ಮೇಲು ಯಾವುದು, ಕೆಳಗು ಯಾವುದು ಎಂಬುದು ಅವುಗಳಿಗೆ ಹಾಗೆ ತಿಳಿಯುತ್ತದೆ. ನಾವು ಹತ್ತಿರದಲ್ಲಿ ದೀಪ ಹಚ್ಚಿದರೆ ಹುಳುವು ಅದಕ್ಕೆ ಬೆನ್ನು ತಿರುಗಿಸಿ ತಿರುಗಿಸಿ ಸುತ್ತುತ್ತಲೇ ಇರುತ್ತದೆ, ಬಿಡಿಸಿಕೊಂಡು ಹೋಗಲಾರದು. ಅದು ದೀಪವನ್ನು ಬಯಸಿ ಬಂದದ್ದಲ್ಲ. ನಮ್ಮ ದೀಪವು ಅದರ ಆಕಾಶವನ್ನು ಕಸಿದುಕೊಂಡಿತು. ಮಕ್ಕಳೇ, ನಿಮ್ಮ ತರ್ಕವನ್ನು ಈಗ ಮತ್ತೊಮ್ಮೆ ತೂಗಿ ನೋಡಿ. ದೀಪ ಹೆಚ್ಚಿದಷ್ಟೂ ರಾತ್ರಿಭೋಜನದ ದೋಷ ಕಡಿಮೆಯಾಯಿತೆಂದಿರಿ. ದೀಪ ಹೆಚ್ಚಿದಷ್ಟೂ ಆ ತಟ್ಟೆಯ ಸುತ್ತ ಸಾಯುವ ಜೀವಗಳು ಹೆಚ್ಚಿದವು. ಬೆಳಕು ನಮ್ಮ ಕಣ್ಣಿಗೆ ಸಹಾಯ ಮಾಡಿತು; ಅವುಗಳ ಪ್ರಾಣಕ್ಕಲ್ಲ.

ಇದು ನಮ್ಮ ಆಚಾರ್ಯರಿಗೆ ಹೊಸದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಆಕ್ಷೇಪವನ್ನು ಎತ್ತಿಕೊಂಡು, ದೀಪವನ್ನು ಬೆಳಗಿಸಿಕೊಂಡರೂ ಸೂರ್ಯನ ಬೆಳಕಿಲ್ಲದೆ ಉಣ್ಣುವವನು ಆಹಾರಕ್ಕೆ ಬಂದು ಸೇರುವ ಸೂಕ್ಷ್ಮಜಂತುಗಳ ಹಿಂಸೆಯನ್ನು ತಪ್ಪಿಸಲಾರನೆಂದು ತಿಳಿಸಿದ್ದಾರೆ. ಹಗಲಿನ ಊಟಕ್ಕಿಂತ ರಾತ್ರಿಯ ಊಟದಲ್ಲಿ ರಾಗಭಾವವು ಅಧಿಕವೆಂದೂ ಅವರು ಹೇಳುತ್ತಾರೆ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಆರನೆಯ ಪ್ರತಿಮೆಯನ್ನು ಹೇಳುವಾಗ ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕನ್ನೂ ರಾತ್ರಿಯಲ್ಲಿ ಬಿಡುವವನ ಲಕ್ಷಣವನ್ನು ಕೊಟ್ಟು, ಅವನ ಮನಸ್ಸು ಪ್ರಾಣಿಗಳಲ್ಲಿ ಅನುಕಂಪೆಯುಳ್ಳದ್ದೆಂದು ಸೇರಿಸಿದ್ದಾರೆ. ಈ ಕೊನೆಯ ಮಾತೇ ವ್ರತದ ಪ್ರಾಣ. ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ನೋಡಿ ಉಣ್ಣುವುದೂ ಒಂದೆಂದು ತತ್ತ್ವಾರ್ಥಸೂತ್ರವು ಗಣಿಸಿದೆ. ಅನುಕಂಪೆಯಿಲ್ಲದೆ ಗಡಿಯಾರ ನೋಡಿ ಉಂಡವನು ಹೊತ್ತನ್ನು ಪಾಲಿಸಿದನು. ವ್ರತವನ್ನು ಪಾಲಿಸಿದನೆಂದು ಹೇಳುವುದು ಕಷ್ಟ. ಹಾಗೆ ಮೂವತ್ತು ವರ್ಷ ಉಂಡವನು ನಾನು ಎಂಬುದನ್ನು ಈ ಸಭೆಯಲ್ಲಿ ಮುಚ್ಚಿಡಲಾರೆ.

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ನಿಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ಶಕ್ತಿಯಿದ್ದವರು ನಾಲ್ಕು ತಿಂಗಳೂ ಅನಸ್ತಮಿತವನ್ನು ಸ್ವೀಕರಿಸಿರಿ. ಅಷ್ಟು ಆಗದವರು ಅಷ್ಟಮಿ ಚತುರ್ದಶಿಗಳಲ್ಲಿ, ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಪ್ರಾರಂಭಿಸಿರಿ. ಕಚೇರಿಯಿಂದ ತಡವಾಗಿ ಬರುವವರ ಕಷ್ಟ ನನಗೆ ತಿಳಿದಿದೆ. ಮಧ್ಯಾಹ್ನದ ಬುತ್ತಿಯ ಜೊತೆಗೆ ಸಂಜೆಯದೊಂದು ಸಣ್ಣ ಡಬ್ಬಿಯನ್ನೂ ಕಟ್ಟಿಕೊಡಿರಿ. ಅದನ್ನು ಕಟ್ಟುವ ಕೈಗಳಿಗೂ ವ್ರತದ ಪುಣ್ಯದಲ್ಲಿ ಪಾಲುಂಟು. ಮಳೆಗಾಲದ ಆರಂಭದಲ್ಲಿ ಸೂರ್ಯನು ಏಳು ಗಂಟೆಯ ಸುಮಾರಿಗೆ ಅಸ್ತಮಿಸುತ್ತಾನೆ. ಕಾರ್ತಿಕ ಕಳೆಯುವ ಹೊತ್ತಿಗೆ ಅದು ಆರು ಗಂಟೆಯ ಸಮೀಪಕ್ಕೆ ಬಂದಿರುತ್ತದೆ. ಆದಕಾರಣ ಗಡಿಯಾರದ ಒಂದೇ ಅಂಕಿಯನ್ನು ನಂಬದೆ, ಆಯಾ ದಿನದ ಸೂರ್ಯಾಸ್ತವನ್ನು ಪಂಚಾಂಗದಲ್ಲಿ ನೋಡಿಕೊಳ್ಳಿರಿ. ರೋಗಿಗಳು, ಔಷಧ ಸೇವಿಸಲೇಬೇಕಾದವರು, ಎಳೆಯ ಮಕ್ಕಳು ತಮ್ಮ ಶಕ್ತಿಯನ್ನು ಗುರುಗಳಲ್ಲಿ ನಿವೇದಿಸಿ ಅವರು ಹೇಳಿದ ಮರ್ಯಾದೆಯಲ್ಲಿ ನಡೆಯಲಿ. ರಾತ್ರಿ ಉಣ್ಣುವ ನೆರೆಯವರನ್ನು ಹೀನಾಯವಾಗಿ ನೋಡಬೇಡಿರಿ. ಹುಳುವಿಗೆ ತೋರಿದ ಅನುಕಂಪೆಯನ್ನು ಮನುಷ್ಯನಿಗೆ ತೋರದಿದ್ದರೆ ಆ ವ್ರತವು ಮಾನಕಷಾಯಕ್ಕೆ ಗೊಬ್ಬರವಾದೀತು. ಊಟ ಮುಗಿದ ಮೇಲೆ ಹೊರಜಗಲಿಯ ದೀಪವನ್ನು ಆರಿಸುವುದನ್ನೂ ಈ ವ್ರತದ ಒಂದು ಅಂಗವಾಗಿ ಇಟ್ಟುಕೊಂಡರೆ ಒಳ್ಳೆಯದು.

ಆಗುಂಬೆಯ ಘಟ್ಟದ ಅಂಚಿನಲ್ಲಿ ಸೂರ್ಯಾಸ್ತವನ್ನು ನೋಡಲೆಂದು ಜನರು ಸೇರುತ್ತಾರೆ. ಬಿಂಬವು ಮುಳುಗಿದೊಡನೆ ಎಲ್ಲವೂ ಮುಗಿಯಿತೆಂದು ವಾಹನಗಳನ್ನೇರಿ ಹೊರಟುಬಿಡುತ್ತಾರೆ. ಕಣ್ಣಿಗೆ ಮುಗಿದದ್ದು ಕಿವಿಗೆ ಆರಂಭವಾಗುವ ಕ್ಷಣವದು. ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಊಟ ಮುಗಿಸಿ, ದೀಪ ಆರಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಗಳಿಗೆ ಹಿತ್ತಿಲಲ್ಲಿ ಸುಮ್ಮನೆ ಕುಳಿತುಕೊಳ್ಳಿರಿ. ಪಟ್ಟಣದ ಮನೆಯ ಹೂಕುಂಡದಲ್ಲಿಯೂ ಒಂದು ಹುಳು ನುಡಿಯುತ್ತಿರುತ್ತದೆ. ಮೊದಲು ಅದು ನಿಮ್ಮನ್ನು ಕಂಡು ಹೆದರಿ ನಿಲ್ಲಿಸೀತು. ಅದು ಪುನಃ ಆರಂಭಿಸುವವರೆಗೆ ಕಾಯಿರಿ. ಅದು ನುಡಿದಾಗ, ಇಂದು ನಿಮ್ಮಿಂದ ಒಂದು ಜೀವಕ್ಕೆ ಅಭಯ ಸಂದಿತೆಂದು ತಿಳಿಯಿರಿ. ಮಗುವು “ನಾವೇಕೆ ರಾತ್ರಿ ಉಣ್ಣುವುದಿಲ್ಲ?” ಎಂದು ಕೇಳಿದರೆ, ಆ ದನಿಯತ್ತ ಕೈ ತೋರಿಸಿರಿ.

ಸಮಸ್ತ ಜೀವಿಗಳೂ ನಿರ್ಭಯರಾಗಿರಲಿ. ಎಲ್ಲರಿಗೂ ಸದ್ಧರ್ಮವೃದ್ಧಿಯಾಗಲಿ.